ಹದಿನೇಳನೇ ಅಧ್ಯಾಯದ ತಿದ್ದುಪಡಿ

ನ್ಯಾಮತಿಯ ಮೀಟರ್ ರೀಡರ್ ಜುಂಜಪ್ಪ ಕಾದಂಬರಿ ಬರೆದು ಮುಗಿಸಿದ ಸುದ್ದಿ ಊರಿಗೆ ತಿಳಿದದ್ದು ಅವನ ಬಾಯಿಂದಲೇ. ಮನೆಮನೆಗೆ ಹೋಗುವುದು ಅವನ ಕೆಲಸವಾದ್ದರಿಂದ ಸುದ್ದಿ ಮುಟ್ಟಿಸಲು ಬೇರೆ ಓಡಾಟ ಬೇಕಾಗಲಿಲ್ಲ. ಕರೆಂಟ್ ಬಿಲ್ಲು ಕೈಗಿಟ್ಟು, ಮನೆಯವರು ಬೈಯಲು ಬಾಯಿ ತೆರೆಯುವಷ್ಟರಲ್ಲಿ, "ಕಾದಂಬರಿ ಮುಗೀತು" ಎನ್ನುತ್ತಿದ್ದ. ಜನ ಬೈಯುವುದನ್ನು ಮರೆತು, "ಯಾರ್ದು?" ಎಂದು ಕೇಳುತ್ತಿದ್ದರು.

ಕಾದಂಬರಿಯ ಹೆಸರು 'ಜಲವೀರ'. ನಾನೂರ ಹನ್ನೆರಡು ಪುಟ, ಮೂವತ್ತೊಂದು ಅಧ್ಯಾಯ. ಕೈಯಲ್ಲಿ ಹಿಡಿಯುವ ಬಿಲ್ಲಿನ ಯಂತ್ರ ಬಂದ ಮೇಲೆ ಕಚೇರಿಯಲ್ಲಿ ಯಾರಿಗೂ ಬೇಡವಾಗಿದ್ದ ಹಳೇ ರೀಡಿಂಗ್ ಪುಸ್ತಕಗಳಲ್ಲಿ ಅವನು ಅದನ್ನು ನಾಲ್ಕು ವರ್ಷ ಬರೆದಿದ್ದ. ಇದ್ದದ್ದು ಅದೊಂದೇ ಪ್ರತಿ. ನಾಯಕ ಜಯಸಿಂಹ ಆರಡಿ ಎತ್ತರ, ಜುಂಜಪ್ಪ ಐದಡಿ ಎರಡಂಗುಲ. ಅಷ್ಟು ಬಿಟ್ಟರೆ ಇಬ್ಬರಿಗೂ ವ್ಯತ್ಯಾಸವಿಲ್ಲ ಎಂದು ಲೇಖಕನ ಅಭಿಪ್ರಾಯ.

ಕಾದಂಬರಿಯ ಪ್ರಾಣ ಹದಿನೇಳನೇ ಅಧ್ಯಾಯ. ಅದರಲ್ಲಿ ಜಯಸಿಂಹ ಸೂಳೆಕೆರೆಯ ತೂಬಿನ ಬಳಿ ಗೆಳೆಯ ಮುಳುಗುವುದನ್ನು ನೋಡಿ, ಅಂಗಿ ಕಳಚಿ, ಸೂರ್ಯನಿಗೆ ಕೈಮುಗಿದು, ನೀರಿಗೆ ಹಾರಿ, ಹನ್ನೊಂದು ಪುಟ ಈಜಿ, ಅವನನ್ನು ದಡಕ್ಕೆ ತರುತ್ತಾನೆ. ನ್ಯಾಮತಿಗೆ ಇದು ಹೊಸ ಕಥೆಯಲ್ಲ. ಮೂವತ್ತೆರಡು ವರ್ಷದ ಹಿಂದೆ ಜಗಳೂರಿನ ಹಾಸ್ಟೆಲ್ಲಿನಿಂದ ಪ್ರವಾಸ ಹೋದಾಗ ತಾನೇ ಹಾಗೆ ಹಾರಿದ್ದೆ, ಗಿಡ್ಡಪ್ಪ ಎಂಬ ಸಹಪಾಠಿಯನ್ನು ಜುಟ್ಟು ಹಿಡಿದು ಎಳೆತಂದೆ ಎಂದು, ಓದು ಬಿಟ್ಟು ನ್ಯಾಮತಿಯ ಚಿಕ್ಕಮ್ಮನ ಮನೆಗೆ ಬಂದ ದಿನದಿಂದ ಜುಂಜಪ್ಪ ಹೇಳುತ್ತಲೇ ಇದ್ದ. ನಿರ್ಮಲಮ್ಮ ಅವನನ್ನು ಮದುವೆಗೆ ಒಪ್ಪಿದ್ದು ಈ ಕಥೆ ಕೇಳಿಯೇ. ಬೇರೆ ಕಾರಣ ಇರಲಿಲ್ಲ ಎಂದು ಅವಳೇ ಹೇಳುತ್ತಾಳೆ. ಪ್ರತಿ ಆಗಸ್ಟ್ ಹದಿನೈದಕ್ಕೆ ಶಾಲೆಯವರು ಅವನನ್ನು ಕರೆದು ಮಕ್ಕಳಿಗೆ ಧೈರ್ಯದ ಬಗ್ಗೆ ಮಾತಾಡಿಸುತ್ತಿದ್ದರು. ಈ ವರ್ಷ ಹದಿನೇಳನೇ ಅಧ್ಯಾಯವನ್ನೇ ಓದಬೇಕು, ಶಾಲು ಹೊದಿಸುತ್ತೇವೆ ಎಂದು ಹೆಡ್‌ಮಾಸ್ಟರು ಹೇಳಿಯಾಗಿತ್ತು.

ಓದುವ ಮೊದಲು ಕರಡು ತಿದ್ದಿಸಬೇಕು. ತಿದ್ದಿಸುವುದಾದರೆ ಮರುಳಸಿದ್ದಪ್ಪ ಮೇಷ್ಟ್ರ ಹತ್ತಿರವೇ. ಜಗಳೂರಿನ ಹೈಸ್ಕೂಲಿನಲ್ಲಿ ಅವರು ಕೆಂಪು ಪೆನ್ನು ತೆಗೆದರೆ ಹುಡುಗರು ಉಸಿರು ಬಿಗಿ ಹಿಡಿಯುತ್ತಿದ್ದರು. ಎರಡು ವರ್ಷದ ಹಿಂದೆ ಹೊನ್ನಾಳಿಯ ಒಂದು ಮದುವೆಯಲ್ಲಿ ಸಿಕ್ಕಾಗ, "ಬರೆದು ಕಳಿಸೋ, ತಿದ್ದಿ ಕಳಿಸ್ತೀನಿ" ಎಂದಿದ್ದರು. ಅವರು ಸ್ವಂತ ಊರು ಸೊಕ್ಕೆಯಲ್ಲಿದ್ದರು. ಕಿವಿ ಮಂದವಾದ್ದರಿಂದ ಫೋನು ಎತ್ತುತ್ತಿರಲಿಲ್ಲ.

ನ್ಯಾಮತಿಯಿಂದ ಬೆಳಿಗ್ಗೆ ಹೊರಟು ಹೊನ್ನಾಳಿ, ಚನ್ನಗಿರಿ, ಸೂಳೆಕೆರೆ, ತ್ಯಾವಣಿಗೆ, ದಾವಣಗೆರೆ, ಜಗಳೂರು ಎಲ್ಲ ಮುಟ್ಟಿ ಸೊಕ್ಕೆಗೆ ಹೋಗುವ ಒಂದು ಖಾಸಗಿ ಬಸ್ಸಿದೆ. ಲಗ್ನಪತ್ರಿಕೆ ಹಂಚಲು ಹೊರಟವರ ಹಾಗೆ ಎಲ್ಲ ಕಡೆ ನಿಲ್ಲುತ್ತ ಹೋಗುವ ಅದನ್ನು ಜನ ಸುತ್ತು ಬಸ್ಸು ಎನ್ನುತ್ತಾರೆ. ಅದರ ಕಂಡಕ್ಟರ್ ಇಸ್ರಾರ್ ಮಾತ್ರೆ, ಮೋಟಾರು ವೈಂಡಿಂಗು, ಮದುಮಗಳ ಬ್ಲೌಸು ಎಲ್ಲವನ್ನೂ ಊರಿಂದ ಊರಿಗೆ ಮುಟ್ಟಿಸುವವನು. ಜೂನ್ ತಿಂಗಳ ಮೊದಲ ಸೋಮವಾರ ಜುಂಜಪ್ಪ ಮೂರು ಅಧ್ಯಾಯಗಳನ್ನು ಟವೆಲ್ಲಿನಲ್ಲಿ ಕಟ್ಟಿ ಅವನ ಕೈಗೆ ಕೊಟ್ಟ.

"ಸೊಕ್ಕೆ ಸ್ಟಾಪಿನಾಗೆ ಮರುಳಸಿದ್ದಪ್ಪ ಮೇಷ್ಟ್ರ ಮನೆಗೆ ಅಂತ ಕೊಡು. ಶುಕ್ರವಾರ ವಾಪಸ್ ಇಸ್ಕಂಡು ಬಾ."

"ಏನೈತೆ ಸರ್ ಇದ್ರಾಗೆ?"

"ಸಾಹಿತ್ಯ."

"ಮುರಿಯಂಥದ್ದೇನಲ್ಲ ತಾನೆ?" ಎಂದು ಇಸ್ರಾರ್ ಅದನ್ನು ಡ್ರೈವರ್ ಹಿಂದಿನ ಸೀಟಿನ ಮೇಲಿಟ್ಟ.

ಶುಕ್ರವಾರ ಬಂಡಲ್ಲು ವಾಪಸ್ ಬಂತು. ಅಂಚಿನ ತುಂಬ ಕೆಂಪು ಶಾಯಿ. ಗುಂಡಗಿನ ಅಚ್ಚುಕಟ್ಟಾದ ಮೇಷ್ಟ್ರ ಅಕ್ಷರ. ಜುಂಜಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಓದಿದ.

'ನಾಯಕಿ ಇಲ್ಲಿ ಮೂರು ಪುಟ ಅಳುತ್ತಾಳೆ. ಒಲೆಯ ಮೇಲಿದ್ದ ಅನ್ನ ಏನಾಯಿತು?'

'ಚನ್ನಗಿರಿಯಿಂದ ಹೊನ್ನಾಳಿಗೆ ಆ ಹೊತ್ತಿನಲ್ಲಿ ಬಸ್ಸಿಲ್ಲ. ಜಯಸಿಂಹ ಟೆಂಪೋ ಹತ್ತಲಿ.'

'ಅತ್ತೆಯನ್ನು ಇಷ್ಟು ಬೈದರೆ ಅವಳು ಕಂಬದ ಹಾಗೆ ನಿಂತಿರುವುದಿಲ್ಲ. ಅವಳ ಮಾತು ಎಲ್ಲಿ?'

ಪಕ್ಕದ ಮನೆಯ ನಾಗರಾಜಪ್ಪ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಇಪ್ಪತ್ತೆಂಟು ವರ್ಷ ಠಾಣೆಯಲ್ಲಿದ್ದವನಿಗೆ ಯಾವ ಕಾಗದ ಸಿಕ್ಕರೂ ಬೆಳಕಿಗೆ ಹಿಡಿದು ನೋಡುವ ಅಭ್ಯಾಸ. ಈ ಹಾಳೆಗಳನ್ನೂ ಹಿಡಿದು ನೋಡಿದ.

"ಜುಂಜಣ್ಣ, ಎಂಬತ್ತು ವರ್ಷದ ಮೇಷ್ಟ್ರು. ಮನೆ ಬಿಟ್ಟು ಹೊರಗೆ ಬರಲ್ಲ. ಬಸ್ ಟೈಮು ಹೆಂಗೆ ಗೊತ್ತು?"

"ಮೇಷ್ಟ್ರಿಗೆ ಗೊತ್ತಿಲ್ಲದ್ದು ಯಾವ್ದೈತೆ ಬಿಡ್ರಿ."

"ಒಲೆ ಮೇಲೆ ಅನ್ನ ಇಟ್ಟಿದ್ದು?"

"ಜ್ಞಾನಿಗಳ್ರೀ."

ಮುಂದಿನ ವಾರಗಳಲ್ಲಿ ಜ್ಞಾನ ಹೆಚ್ಚುತ್ತಾ ಹೋಯಿತು. ಒಂಬತ್ತನೇ ಅಧ್ಯಾಯದಲ್ಲಿ ಜಯಸಿಂಹನ ಹೆಂಡತಿ, "ಪ್ರಾಣಕಾಂತ, ತಮ್ಮ ಬರವೇ ನನಗೆ ಹಬ್ಬ" ಎನ್ನುತ್ತಾಳೆ. ಅದರ ಪಕ್ಕದಲ್ಲಿ ಕೆಂಪು ಶಾಯಿ ಹೀಗೆ ಹೇಳಿತ್ತು: 'ನಿನ್ನ ಹೆಂಡತಿ ಹೀಗೆ ಮಾತಾಡುವುದಿಲ್ಲ. ಹೋದ ಸಂತೆಯ ದಿನ ವೀಳ್ಯದೆಲೆ ಅಂಗಡಿ ಮುಂದೆ ನಿಂತು ನಿನ್ನ ಬಗ್ಗೆ ಏನು ಹೇಳಿದಳೋ ಅದನ್ನೇ ಬರೆ.'

ಜುಂಜಪ್ಪ ಅಡುಗೆಮನೆಗೆ ಹೋದ. "ಸಂತೆ ದಿನ ಎಲೆ ಅಂಗಡಿ ಮುಂದೆ ನನ್ನ ಬಗ್ಗೆ ಏನಂದೆ?"

ನಿರ್ಮಲಮ್ಮನ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. "ಯಾರಂದ್ರು ನಿಮಗೆ?"

"ಮೇಷ್ಟ್ರು."

"ಸೊಕ್ಕೆಯಾಗೆ ಕೂತೋರಿಗೆ ನ್ಯಾಮತಿ ಸಂತೆ ಮಾತು ಕೇಳ್ತೈತಾ?" ಎಂದು ಅವಳು ಕಿಟಕಿ ಮುಚ್ಚಿದಳು. ಏನು ಹೇಳಿದ್ದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅಂದಿನಿಂದ ಸಂತೆಗೆ ಹೋದರೂ ಕೈಸನ್ನೆ ಮಾಡಿಯೇ ವ್ಯಾಪಾರ ಮಾಡಿದಳು.

ಜುಲೈ ಕೊನೆಯ ಶುಕ್ರವಾರ ಹದಿನೇಳನೇ ಅಧ್ಯಾಯ ವಾಪಸ್ ಬಂತು. ಟವೆಲ್ಲು ಒದ್ದೆಯಾಗಿತ್ತು. ಹೊರಗೆ ಹದವಾದ ಬಿಸಿಲು, ಮೂರು ದಿನದಿಂದ ಒಂದು ಹನಿ ಮಳೆಯಿಲ್ಲ. ಬಿಚ್ಚಿದರೆ ಕೆರೆಯ ಕೆಸರಿನ ವಾಸನೆ. ಹನ್ನೊಂದು ಪುಟದ ಈಜಿನ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ. ಕೊನೆಯ ಪುಟದಲ್ಲಿ ಕೆಸರಿನ ಹೆಬ್ಬೆರಳ ಗುರುತು. ಅದರ ಕೆಳಗೆ ಸೊಟ್ಟಗಿನ, ದೊಡ್ಡ ಅಕ್ಷರಗಳು. ಶಾಯಿ ಕೆಂಪೇ. ಕೈ ಬೇರೆ.

'ಸುಳ್ಳು. ನೀನು ಇಳಿಯಲಿಲ್ಲ.'

ಜಯಸಿಂಹ ಇಳಿಯಲಿಲ್ಲ ಎಂದಿರಲಿಲ್ಲ. ನೀನು ಎಂದಿತ್ತು.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಅದು ನಿಜ. ಜುಂಜಪ್ಪ ಇಳಿದಿರಲಿಲ್ಲ. ಹಾಸ್ಟೆಲ್ಲಿನ ಉಳಿದವರೆಲ್ಲ ಊಟಕ್ಕೆ ಕೂತಿದ್ದಾಗ ಅವನೂ ಗಿಡ್ಡಪ್ಪನೂ ಇಬ್ಬರೇ ತೂಬಿನ ಹತ್ತಿರ ಹೋಗಿದ್ದರು. ಗಿಡ್ಡಪ್ಪನ ಕಾಲು ಜಾರಿತು. ಒಂದು ಕೈ ಮೇಲೆ ಬಂದು ಮತ್ತೆ ಒಳಗೆ ಹೋಯಿತು. ಜುಂಜಪ್ಪ ತಿರುಗಿ ಓಡಿದ, ರಸ್ತೆಗೆ ಬಂದು ಸಿಕ್ಕಿದ ಲಾರಿ ಹತ್ತಿ ಚಿಕ್ಕಮ್ಮನ ಮನೆ ಸೇರಿದ. ಹಾಸ್ಟೆಲ್ಲಿಗೆ ಮತ್ತೆ ಹೋಗಲಿಲ್ಲ. ಗಿಡ್ಡಪ್ಪ ಬದುಕಿದನೋ ಇಲ್ಲವೋ ಯಾರನ್ನೂ ಕೇಳಲಿಲ್ಲ. ಪೊಲೀಸರು ಬರಲಿಲ್ಲವಾದ್ದರಿಂದ ಬದುಕಿರಬೇಕು ಎಂದು ಕೆಲವು ದಿನ, ಹೆಣ ಸಿಕ್ಕಿರಲಿಕ್ಕಿಲ್ಲ ಎಂದು ಕೆಲವು ದಿನ ಅಂದುಕೊಂಡು ಮೂವತ್ತೆರಡು ವರ್ಷ ತಳ್ಳಿದ್ದ. ಅವನು ಓಡಿದ್ದನ್ನು ಬಲ್ಲವನು ಒಬ್ಬನೇ, ಆ ಒಬ್ಬ ನೀರಿನೊಳಗಿದ್ದ.

ಭಾನುವಾರ ಜುಂಜಪ್ಪ ನಾಗರಾಜಪ್ಪನ ಬೈಕಿನ ಹಿಂದೆ ಕೂತು ಸೊಕ್ಕೆಗೆ ಹೊರಟ. ಭಾನುವಾರ ಸುತ್ತು ಬಸ್ಸಿಗೆ ರಜೆ. ಅಧ್ಯಾಯದ ಬಗ್ಗೆ ನಾಗರಾಜಪ್ಪನಿಗೆ ಹೇಳಿರಲಿಲ್ಲ, ಮೇಷ್ಟ್ರಿಗೆ ನಮಸ್ಕಾರ ಹಾಕಿ ಬರಬೇಕು ಎಂದಷ್ಟೇ ಹೇಳಿದ್ದ. ಮಟಮಟ ಮಧ್ಯಾಹ್ನ ಊರು ಮುಟ್ಟಿದಾಗ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಮೇಷ್ಟ್ರ ಸೊಸೆ ನೇತ್ರಾವತಿ ಬಾಗಿಲು ತೆಗೆದಳು.

"ಮೇಷ್ಟ್ರು ಅದಾರೇನಮ್ಮ?" ಎಂದ ಜುಂಜಪ್ಪ.

ನೇತ್ರಾವತಿ ಇಬ್ಬರನ್ನೂ ನೋಡಿ ಪಕ್ಕಕ್ಕೆ ಸರಿದಳು. ನಡುಮನೆಯ ಗೋಡೆಯಲ್ಲಿ ಮೇಷ್ಟ್ರು ವಿಭೂತಿ ಬಳಿದುಕೊಂಡು, ಹಾರ ಹಾಕಿಕೊಂಡು, ಚೌಕಟ್ಟಿನೊಳಗೆ ಇದ್ದರು.

"ಮಾವನೋರು ಹೋಗಿ ಎಂಟು ತಿಂಗ್ಳಾತಲ್ರೀ. ಶಿವಗಣಾರಾಧನೆ ಕಾರ್ಡು ಎಲ್ಲಾರಿಗೂ ಹಾಕಿದ್ವಿ. ನಿಮ್ದು ಯಾವೂರು?"

"ನ್ಯಾಮತಿ. ಮೊನ್ನೆ ಶುಕ್ರವಾರ ಮೇಷ್ಟ್ರು ನನ್ನ ಕಾದಂಬರಿ ತಿದ್ದಿ ಕಳಿಸ್ಯಾರೆ!"

ನೇತ್ರಾವತಿ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು. "ನಮ್ಮನಿಗೆ ಯಾವ ಕಾದಂಬರೀನೂ ಬಂದಿಲ್ರೀ."

"ಎಂಟು ವಾರದಿಂದ ಕಳಿಸ್ತಾ ಅದೀನಮ್ಮ. ನೋಡಿಲ್ಲಿ, ಅವರ ಕೆಂಪು ಪೆನ್ನು."

"ಅವರ ಕೆಂಪು ಪೆನ್ನು ಅಲ್ಲೈತಲ್ಲ."

ಫೋಟೋದ ಮುಂದೆ, ಊದಿನಕಡ್ಡಿಯ ಸ್ಟ್ಯಾಂಡಿನ ಪಕ್ಕ, ಅದು ಇತ್ತು. ನಾಗರಾಜಪ್ಪ ಹೆಗಲ ಮೇಲಿನ ಕರವಸ್ತ್ರದಲ್ಲಿ ಅದನ್ನು ಹಿಡಿದೆತ್ತಿ, ಕ್ಯಾಪು ತೆಗೆದು, ಅಂಗೈ ಮೇಲೆ ಗೀಚಿದ. ಗೆರೆ ಮೂಡಲಿಲ್ಲ. ಇನ್ನೊಮ್ಮೆ ಗೀಚಿದ.

"ಖಾಲಿ," ಎಂದ. ಅವನ ದನಿ ಇಳಿದಿತ್ತು. "ಬರ್ದೂ ಬರ್ದೂ ಖಾಲಿ ಆಗೈತೆ ಜುಂಜಣ್ಣ."

ನೇತ್ರಾವತಿ ಹಾಲು ಕೊಡುತ್ತೇನೆ ಎಂದು ಒಳಗೆ ಹೋದವಳು ಒಳಗಿನಿಂದ ಚಿಲಕ ಹಾಕಿಕೊಂಡಳು.

ಮನೆಗೆ ಬಂದ ಜುಂಜಪ್ಪ ಹೊಸ್ತಿಲಲ್ಲಿ ನಿಂತೇ ಹೇಳಿದ. "ಮೇಷ್ಟ್ರು ತೀರ್ಕಂಡು ಎಂಟು ತಿಂಗ್ಳಾಗೈತಂತೆ!"

"ಹೂನ್ರಿ," ಎಂದಳು ನಿರ್ಮಲಮ್ಮ. "ಕಾರ್ಡು ಬಂದಿತ್ತು."

"ಏನು?"

"ಆವಾಗ್ಲೇ ಬಂದಿತ್ತು. ಸಾವಿನ ಕಾರ್ಡು ಮನಿಯೊಳಗೆ ಇಟ್ಕಂತಾರೇನು? ಓದಿದೆ, ಬಾಗಿಲಾಗೇ ಹರಿದು ಬಿಸಾಕಿದೆ, ಕೈಕಾಲು ತೊಳ್ಕಂಡು ಒಳಗೆ ಬಂದೆ. ನಿಮಗೆ ಹೇಳಾನ ಅಂತಿದ್ದೆ, ಅಷ್ಟ್ರಾಗೆ ಕುಕ್ಕರ್ ಕೂಗ್ತು."

"ಎಂಟು ತಿಂಗ್ಳಿಂದ ಕುಕ್ಕರ್ ಕೂಗ್ತಾ ಐತಾ?"

"ಮತ್ತೆ ಕಾದಂಬರಿ ಕಳಿಸ್ತಿದ್ರಲ್ಲ. ಯಾರೋ ಬೇರೆ ಮೇಷ್ಟ್ರು ಅನ್ಕಂಡೆ."

ಕಾರ್ಡು ಹರಿಯುವುದು ಎಲ್ಲ ಮನೆಯ ಪದ್ಧತಿ. ಸುದ್ದಿ ತಂದ ಕಾಗದ ಸುದ್ದಿಯ ಜೊತೆಗೇ ಹೊರಗೆ ಹೋಗಬೇಕು. ಹಾಗೆ ನಿರ್ಮಲಮ್ಮ ಬಾಗಿಲಾಚೆ ಎಸೆದ ಮೇಷ್ಟ್ರು ಪ್ರತಿ ಶುಕ್ರವಾರ ಟವೆಲ್ಲಿನಲ್ಲಿ ಸುತ್ತಿಕೊಂಡು ಒಳಗೆ ಬರುತ್ತಿದ್ದರು ಎಂದು ಬೀದಿ ತೀರ್ಮಾನಿಸಿತು. ಬೀದಿಗೆ ಸುದ್ದಿ ಕೊಟ್ಟವನು ನಾಗರಾಜಪ್ಪ. ಅವನು ಇಪ್ಪತ್ತೆಂಟು ವರ್ಷ ಗುಟ್ಟು ಕಾಯುವ ಇಲಾಖೆಯಲ್ಲಿ ಕೆಲಸ ಮಾಡಿ ದಣಿದಿದ್ದ.

ಅವನಿಗೆ ಇನ್ನೊಂದು ಆಲೋಚನೆಯೂ ಇತ್ತು. "ಜುಂಜಣ್ಣ, ಹೆದರಬಾರದು. ವಿಚಾರಣೆ ಮಾಡಬೇಕು. ಅದೇ ಅಧ್ಯಾಯ ಮತ್ತೆ ಕಳಿಸು. 'ತಾವು ಯಾರು?' ಅಂತ ಒಂದು ಚೀಟಿ ಇಡು." ಸ್ವಲ್ಪ ಕೆಮ್ಮಿ, "ಹಂಗೇ ನಂದೂ ಒಂದು ಚೀಟಿ ಇಡು. ನಮ್ಮ ಕಾವ್ಯಶ್ರೀಗೆ ಹೊನ್ನಾಳಿ ಕಡೆ ಒಂದು ಗಂಡು ಬಂದೈತೆ. ಮಾಡಬೋದಾ ಅಂತ ಕೇಳು" ಎಂದ.

"ದೆವ್ವದ ಹತ್ರ ಸಂಬಂಧ ಕೇಳ್ತೀರೇನ್ರೀ?"

"ಜೀವಂತ ಇರೋರ ಹತ್ರ ಕೇಳಿದ್ದಾತು. ಎಲ್ಲಾರೂ ಒಳ್ಳೇ ಹುಡುಗ ಅಂತಾರೆ. ಅದಕ್ಕೇ ಅನುಮಾನ."

ಸೋಮವಾರ ಚೀಟಿಗಳು ಹೋದವು. ಇಸ್ರಾರ್ ಬಂಡಲ್ಲನ್ನು ಈಸಿಕೊಳ್ಳುವಾಗ ಜುಂಜಪ್ಪನ ಮುಖ ನೋಡಲಿಲ್ಲ. ಶುಕ್ರವಾರ ಉತ್ತರಗಳು ಬಂದವು. ನಾಗರಾಜಪ್ಪನ ಚೀಟಿಯ ಹಿಂದೆ ಗುಂಡಗಿನ ಕೆಂಪು ಅಕ್ಷರ: 'ಸಂಜೆ ಆರಕ್ಕೆ ಹೊನ್ನಾಳಿ ಬಸ್ ಸ್ಟ್ಯಾಂಡಿಗೆ ಹೋಗಿ ಮೂರನೇ ಬೆಂಚು ನೋಡಿ.' ನಾಗರಾಜಪ್ಪ ಅಂದೇ ಹೋಗಿ ನೋಡಿದ. ಮೂರನೇ ಬೆಂಚಿನ ಕೆಳಗೆ ಒಳ್ಳೇ ಹುಡುಗ ಮಲಗಿದ್ದ, ಅವನ ಒಂದು ಚಪ್ಪಲಿ ಬೆಂಚಿನ ಮೇಲಿತ್ತು, ಬಾಟಲಿ ಕೈಯಲ್ಲಿತ್ತು. ನಾಗರಾಜಪ್ಪ ಬಸ್ ಸ್ಟ್ಯಾಂಡಿನಲ್ಲೇ ಸೊಕ್ಕೆಯ ದಿಕ್ಕಿಗೆ ಕೈಮುಗಿದ. ಮಾರನೇ ದಿನ ಜುಂಜಪ್ಪನ ಮನೆ ಮುಂದೆ ಹದಿನಾಲ್ಕು ಜನ ಚೀಟಿ ಹಿಡಿದು ನಿಂತಿದ್ದರು. ಕಚೇರಿಯ ಸೆಕ್ಷನ್ ಆಫೀಸರೂ ಇದ್ದರು. ಅವರು ತಮ್ಮ ವರ್ಗಾವಣೆ ಯಾವಾಗ ಎಂದು ಕೇಳಲು ಬಂದಿದ್ದರು. ಜುಂಜಪ್ಪ ನಾಲ್ಕು ದಿನದಿಂದ ಕೆಲಸಕ್ಕೆ ಬಂದಿಲ್ಲ ಎಂಬುದನ್ನು ಅವರು ಎತ್ತಲೇ ಇಲ್ಲ.

ಜುಂಜಪ್ಪನ ಚೀಟಿಗೂ ಉತ್ತರ ಬಂದಿತ್ತು. ಅದನ್ನು ಅವನು ಯಾರಿಗೂ ತೋರಿಸಿರಲಿಲ್ಲ. ಹಾಳೆ ಮತ್ತೆ ಒದ್ದೆ. ಸೊಟ್ಟ ಅಕ್ಷರ.

'ಗೊತ್ತಿದ್ದೂ ಕೇಳಬೇಡ. ತಿದ್ದು.'

ಆಗಸ್ಟ್ ಹದಿನೈದಕ್ಕೆ ಆರು ದಿನ ಇತ್ತು. ನಿರ್ಮಲಮ್ಮ ಶಾಲು ಹೊದಿಸಿಕೊಳ್ಳಲು ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿ ತಂದಿದ್ದಳು. ಜುಂಜಪ್ಪ ಹದಿನೇಳನೇ ಅಧ್ಯಾಯವನ್ನು ಒಲೆಗೆ ಹಾಕಲು ಎರಡು ಸಲ ಹೋದ. ಒದ್ದೆ ಕಾಗದ ಹೊತ್ತಿಕೊಳ್ಳಲಿಲ್ಲ, ಹೊಗೆ ಮಾತ್ರ ಎದ್ದಿತು. ಹೊಗೆಗೂ ಕೆರೆಯ ವಾಸನೆಯಿತ್ತು.

ಸೋಮವಾರ ಅವನು ಬಂಡಲ್ಲನ್ನು ಇಸ್ರಾರ್‌ಗೆ ಕೊಡಲಿಲ್ಲ. ತಾನೇ ಬಸ್ ಹತ್ತಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಇಸ್ರಾರ್‌ನ ಕೈಯಲ್ಲಿದ್ದ ಟಿಕೆಟ್ ಯಂತ್ರ ಟಿಕೆಟ್ ಇಲ್ಲದೆ ಎರಡು ಸಲ ಕಿರುಗುಟ್ಟಿತು.

"ಸರ್ ನೀವ್ಯಾಕೆ... ನಾನು ಮುಟ್ಟಿಸ್ತಿದ್ನಲ್ಲ ಸರ್."

"ಯಾರಿಗೆ ಮುಟ್ಟಿಸ್ತೀಯಾ?"

ಇಸ್ರಾರ್ ಹಿಂದಿನ ಬಾಗಿಲಿಗೆ ಹೋಗಿ ನಿಂತ. ಬಸ್ಸು ಹೊನ್ನಾಳಿ ದಾಟಿತು. ಜನ ಹತ್ತಿದರು. ಹತ್ತಿದವರೆಲ್ಲ ಮೊದಲು ಡ್ರೈವರ್ ಹಿಂದಿನ ಖಾಲಿ ಸೀಟು ನೋಡಿ, ಆಮೇಲೆ ಜುಂಜಪ್ಪನ ತೊಡೆ ನೋಡಿ, ಸದ್ದಿಲ್ಲದೆ ಕೂತರು. ಅಷ್ಟು ತುಂಬಿದ ಬಸ್ಸು ಅಷ್ಟು ಸುಮ್ಮನಿದ್ದುದನ್ನು ಜುಂಜಪ್ಪ ಹಿಂದೆಂದೂ ಕಂಡಿರಲಿಲ್ಲ. ಮೊಬೈಲಿನಲ್ಲಿ ಹಾಡು ಹಾಕುವವನೂ ಹಾಕಿರಲಿಲ್ಲ. ಎಲ್ಲರೂ ಯಾವುದಕ್ಕೋ ಕಾಯುತ್ತಿದ್ದರು.

ಚನ್ನಗಿರಿಯಲ್ಲಿ ಶಾಲೆಯ ಟೀಚರೊಬ್ಬಳು ಹತ್ತಿ, ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಳು. ಕೂತ ಮೇಲೆ ಕೇಳಿದಳು.

"ಇಸ್ರಾರ್ ಭಾಯ್, ಹದಿನೆಂಟು ಎಲ್ಲಿ?"

ನ್ಯಾಮತಿಯಿಂದಲೇ ಹಿಂದಿನ ಸೀಟಿನಲ್ಲಿ ವೀಳ್ಯದೆಲೆ ಪೆಂಡಿಗಳ ನಡುವೆ ಕೂತಿದ್ದ ಮುದುಕಿ ಉಚ್ಚಂಗಮ್ಮ ಬಾಯಿ ಬಿಟ್ಟಳು. "ಆ ಪುಣ್ಯಾತ್ಮ ಅಲ್ಲೇ ಕುಂತೈತಲ್ಲವ್ವ, ಕೇಳು. ಆ ಅತ್ತೆ ಸತ್ಳೋ ಬದುಕಿದ್ಳೋ ಮೊದ್ಲು ಅದನ್ನ ಹೇಳಪ್ಪ ಜುಂಜಪ್ಪ. ಎರಡು ವಾರದಿಂದ ನಂಗೆ ನಿದ್ದಿಲ್ಲ."

ಎಲ್ಲ ಹೊರಗೆ ಬಂತು. ಮೊದಲ ಸೋಮವಾರ ಸೊಕ್ಕೆಯ ಸ್ಟಾಪಿನ ಟೀ ಅಂಗಡಿಯಲ್ಲೇ ಇಸ್ರಾರ್‌ಗೆ ಮೇಷ್ಟ್ರು ತೀರಿಕೊಂಡದ್ದು ತಿಳಿದಿತ್ತು.

"ಹೇಳೋಣ ಅನ್ಕಂಡೆ ಸರ್. ಅಷ್ಟು ಖುಷಿಯಾಗಿ ಕೊಟ್ಟಿದ್ರಿ. ಸಾವಿನ ಸುದ್ದಿ ನನ್ನ ಬಾಯಿಂದ ಯಾಕೆ ಅಂತ..." ಅಂದೇ ಬಸ್ಸಿನಲ್ಲಿ ಟವೆಲ್ಲು ಬಿಚ್ಚಿ ಯಾರೋ ಒಂದು ಪುಟ ಓದಿದ್ದರು. ಮಾರನೇ ದಿನ ಈ ಟೀಚರ್ ನುಜಹತ್ ಗಟ್ಟಿಯಾಗಿ ಓದಿದಳು. ಜನ ತಪ್ಪು ಹಿಡಿದರು, ಅವಳು ಬರೆದುಕೊಂಡಳು. ಬಸ್ಸಿನ ಸಮಯ ಇಸ್ರಾರ್‌ನದು. ಅನ್ನ, ಅತ್ತೆ, ಸಂತೆಯ ಮಾತು ಉಚ್ಚಂಗಮ್ಮನವು. ಹೊನ್ನಾಳಿಯ ಗಂಡಿನ ವಿಷಯ ಇಡೀ ಬಸ್ಸಿಗೆ ಗೊತ್ತಿತ್ತು.

ಜುಂಜಪ್ಪನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. "ಹೆದರಿಸಿ ಸಾಯಿಸಿಬಿಟ್ಟಿದ್ರಲ್ರೀ ನನ್ನ! ಆ ಒದ್ದೆ ಮಾಡಿ, ಕೆಸರು ಮೆತ್ತಿ ಕಳಿಸಾದು, ಅದು ಯಾರ ತಮಾಷೆ?"

ನಗುತ್ತಿದ್ದವರು ನಗು ನಿಲ್ಲಿಸಿದರು.

"ಸರ್," ಎಂದಳು ನುಜಹತ್. "ಹದಿನೇಳು ನಾನು ತಿದ್ದಿಲ್ಲ."

"ಮತ್ಯಾರು?"

"ನಾನು ಓದಿದೆ ಅಷ್ಟೇ. ಓದಿ ಮುಗಿಸೋವಾಗ ಯಾರೋ ಹಿಂದಿನಿಂದ ಕೈ ಚಾಚಿ ಪೆನ್ನು ಇಸ್ಕಂಡ್ರು. ಕೈ ತಣ್ಣಗಿತ್ತು."

ಇಸ್ರಾರ್ ಹತ್ತಿರ ಬಂದು ದನಿ ತಗ್ಗಿಸಿದ. "ಕೆರೆ ಹತ್ರ ಹತ್ತಿ ತ್ಯಾವಣಿಗೇಲಿ ಇಳಿಯೋ ಒಬ್ರು ಅದಾರೆ ಸರ್. ಯಾರ ಜೊತೇನೂ ಮಾತಾಡಲ್ಲ. ಯಾವಾಗ್ಲೂ ಒದ್ದೆ. ಅವರು ಇಳಿದ ಮೇಲೆ ಸೀಟು ಒರೆಸ್ಬೇಕು."

"ಹೆಸರೇನು?"

"ಕೇಳಿಲ್ಲ ಸರ್."

"ಬಸ್ಸು ನಿಲ್ಲಿಸು. ನಾನಿಲ್ಲೇ ಇಳೀತೀನಿ."

ಬಸ್ಸು ನಿಂತಿತು. ಅವನ ಮಾತಿಗೆ ನಿಂತದ್ದಲ್ಲ. ಎಡಕ್ಕೆ ಕೆರೆ ಆಕಾಶದವರೆಗೂ ಹರಡಿತ್ತು. ಗಾಳಿಯಿಲ್ಲದೆ ನೀರು ತವರದ ತಗಡಿನ ಹಾಗೆ ಬಿದ್ದಿತ್ತು. ಮುಂದಿನ ಬಾಗಿಲಿನಿಂದ ಒಬ್ಬ ಹತ್ತಿದ. ಕೂದಲಿನಿಂದ ಮೊಣಕಾಲಿನವರೆಗೆ ನೀರು ತೊಟ್ಟಿಕ್ಕುತ್ತಿತ್ತು, ಮೆಟ್ಟಿಲ ಮೇಲೆ ಅವನ ಪಾದದ ಗುರುತುಗಳು ಒಂದೊಂದಾಗಿ ಮೂಡಿದವು. ಅವನು ನೇರವಾಗಿ ಬಂದು ಜುಂಜಪ್ಪನ ಪಕ್ಕ ಕೂತ.

ಜುಂಜಪ್ಪ ಬಂಡಲ್ಲನ್ನು ಎದೆಗೆ ಅವಚಿಕೊಂಡ. ಮೂವತ್ತೆರಡು ವರ್ಷ ಮುಖವನ್ನು ಅಗಲ ಮಾಡಿತ್ತು, ಕೂದಲನ್ನು ಬೆಳ್ಳಗೆ ಮಾಡಿತ್ತು. ಎಡ ಹುಬ್ಬಿನ ಮೇಲಿನ ಗಾಯದ ಕಲೆ ಮಾತ್ರ ಹಾಗೇ ಇತ್ತು.

"ಗಿಡ್ಡಪ್ಪ," ಎಂದ. "ನೀನು... ಅದೀಯಾ?"

"ಅದೀನಿ. ಇದೇ ತೂಬಿಗೆ ನೀರುಗಂಟಿ. ಬೆಳಿಗ್ಗೆ ಮುಳುಗಿ ಕಸ ಬಿಡಿಸಿ, ನೀರು ಬಿಟ್ಟು, ಮನಿಗೆ ಹೊರಡ್ತೀನಿ." ಗಿಡ್ಡಪ್ಪ ಬನಿಯನ್ನಿನ ತುದಿ ಹಿಂಡಿದ. "ಇಷ್ಟು ಕೇಳಾಕೆ ಮೂವತ್ತೆರಡು ವರ್ಷ ಬೇಕಾತೇನು?"

ದೆವ್ವವಾಗಿದ್ದರೆ ಒಂದು ತಾಯತದಲ್ಲಿ ಮುಗಿಯುತ್ತಿತ್ತು. ಬದುಕಿರುವವನಿಗೆ ಕಟ್ಟುವ ತಾಯತ ಆ ಬಸ್ಸು ಮುಟ್ಟುವ ಐದೂ ತಾಲ್ಲೂಕಿನಲ್ಲಿ ಎಲ್ಲಿಯೂ ಸಿಗುವುದಿಲ್ಲ.

"ನೀನು ಹೇಳ್ಬೋದಿತ್ತಲ್ಲೋ ಯಾರಿಗಾದ್ರೂ," ಎಂದ ಜುಂಜಪ್ಪ.

"ಏನಂತ ಹೇಳ್ಲಿ? ಹಿಂಗೊಬ್ಬ ಓಡ್ದ ಅಂತಾನಾ? ನೀನು ಹೆದರಿದ್ದೆ, ಓಡ್ದೆ. ಅದೇನು ಕೊಲೆ ಅಲ್ಲ. ಆದ್ರೆ ಈ ಟೀಚರಮ್ಮ ಓದ್ತಿದ್ರು, ನೀನು ನನ್ನ ಜುಟ್ಟು ಹಿಡ್ದು ಎಳ್ದಂಗೆ. ಸೂರ್ಯನಿಗೆ ಬೇರೆ ಕೈ ಮುಗ್ದಂಗೆ. ಬಸ್ಸಿನ ಜನ ಎಲ್ಲಾ ಚಪ್ಪಾಳೆ ಹೊಡುದ್ರು ಕಣೋ. ನಾನೂ ಇಲ್ಲೇ ಕುಂತಿದ್ದೆ."

ಬಸ್ಸು ಹೊರಟಿತ್ತು. ಕೆರೆ ಕಿಟಕಿಯ ಪಕ್ಕದಲ್ಲೇ ಬರುತ್ತಿತ್ತು. ಉಚ್ಚಂಗಮ್ಮ ಪೆಂಡಿಗಳನ್ನು ದಾಟಿಕೊಂಡು ಮುಂದೆ ಬಂದು ನಿಂತಳು. ಅವಳು ಮುಂದಿನ ಸಂತೆಯ ದಿನ ನ್ಯಾಮತಿಯಲ್ಲಿರುತ್ತಾಳೆ, ನಿರ್ಮಲಮ್ಮ ಅವಳ ಹತ್ತಿರವೇ ಎಲೆ ಕೊಳ್ಳುತ್ತಾಳೆ ಎಂಬುದನ್ನು ಜುಂಜಪ್ಪ ಲೆಕ್ಕ ಹಾಕಿದ.

"ಹೌದೇನಪ್ಪ? ಇಳೀಲಿಲ್ವಾ ನೀನು?" ಎಂದು ಅವಳು ಕೇಳಿದಳು.

ಇಳಿದಿದ್ದೆ ಎನ್ನಬಹುದಿತ್ತು. ಇವನು ಯಾರೋ ಗೊತ್ತಿಲ್ಲ, ತಲೆಕೆಟ್ಟವನು ಎನ್ನಬಹುದಿತ್ತು. ಬಿಳಿ ಅಂಗಿ ಇಸ್ತ್ರಿಯಾಗಿ ಮೊಳೆಗೆ ನೇತಾಡುತ್ತಿತ್ತು. ಜುಂಜಪ್ಪ ನುಜಹತ್‌ಳ ಕಡೆ ಕೈ ಚಾಚಿದ. ಅವಳು ಪೆನ್ನು ಕೊಟ್ಟಳು.

ಟವೆಲ್ಲು ಬಿಚ್ಚಿ, ಹದಿನೇಳನೇ ಅಧ್ಯಾಯ ತೆಗೆದು, ಹನ್ನೊಂದು ಪುಟಗಳನ್ನು ಒಂದೊಂದಾಗಿ ಹೊಡೆದುಹಾಕಿದ. ಬಸ್ಸು ಕುಲುಕಿದಾಗ ಗೆರೆಯೂ ಕುಲುಕಿತು. ಪುಟದ ಹಿಂಬದಿಯಲ್ಲಿ, ಹಳೇ ಮೀಟರ್ ಅಂಕೆಗಳ ನಡುವೆ ಬರೆದ: 'ಅವನು ಇಳಿಯಲಿಲ್ಲ. ಓಡಿದ.'

ನುಜಹತ್ ಅದನ್ನು ಗಟ್ಟಿಯಾಗಿ ಓದಿದಳು. ಡ್ರೈವರ್ ಗೇರು ಇಳಿಸಿದ. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

"ಆಗಸ್ಟ್ ಹದಿನೈದಕ್ಕೆ ಇದನ್ನೇ ಓದ್ತೀಯೇನಪ್ಪ?" ಎಂದಳು ಉಚ್ಚಂಗಮ್ಮ.

"ಬೇರೆ ಎಲ್ಲೈತೆ? ಇದೊಂದೇ ಪ್ರತಿ."

"ಸರಿ. ಆಮೇಲೇನಾತು ಬರಿ."

"ಆಮೇಲೆ ನಂಗೆ ಗೊತ್ತಿಲ್ಲಮ್ಮ. ನಾನು ಅಲ್ಲಿರ್ಲಿಲ್ಲ."

ಎಲ್ಲರೂ ಗಿಡ್ಡಪ್ಪನ ಕಡೆ ತಿರುಗಿದರು. ತ್ಯಾವಣಿಗೆ ಬಂತು. ಇಸ್ರಾರ್ ಸೀಟಿ ಊದಲಿಲ್ಲ. ಇಳಿಯಬೇಕಾದ ಗಿಡ್ಡಪ್ಪ ಇಳಿಯಲಿಲ್ಲ, ಶಾಲೆಗೆ ಹೋಗಬೇಕಾದ ನುಜಹತ್ ಕೂಡ ಇಳಿಯಲಿಲ್ಲ. ಬಸ್ಸು ಮುಂದಕ್ಕೆ ಹೋಯಿತು.

"ಬರ್ಕೋ," ಎಂದ ಗಿಡ್ಡಪ್ಪ. "ಕೆಳಗೆ ಹೋದ ಮೇಲೆ ಕಣ್ಣಿಗೆ ಏನೂ ಕಾಣಲ್ಲ. ಬರೀ ಹಸಿರು. ಕಿವಿ ಮಾತ್ರ ಕೇಳ್ತೈತೆ. ಏರಿ ಮೇಲೆ ನಡಿಯೋರ ಹೆಜ್ಜೆ ನೀರೊಳಗೆ ಕೇಳ್ತೈತೆ, ಗೊತ್ತಾ? ದಬ್ ದಬ್ ದಬ್ ಅಂತ. ಇವನು ಬರ್ತಾ ಅದಾನೆ ಅನ್ಕಂಡೆ. ಹಂಗೇ ಕೇಳ್ತಾ ಇದ್ದೆ. ಸದ್ದು ದೂರ ಹೋತು. ಇನ್ನೂ ದೂರ ಹೋತು. ಆಮೇಲೆ ತೂಬಿನ ಕಬ್ಬಿಣದ ಸರಳು ಕೈಗೆ ಸಿಕ್ತು. ನಾನೇ ಹತ್ತಿ ಬಂದೆ."

ಜುಂಜಪ್ಪ ಬರೆಯುತ್ತಿದ್ದ. ಒದ್ದೆ ತೋಳು ಅವನ ತೋಳಿಗೆ ತಾಗುತ್ತಿತ್ತು, ಕಾಗದದ ಅಂಚು ನೆನೆಯುತ್ತಿತ್ತು.

"ಮೇಲೆ ಬಂದ್ಮೇಲೆ ಆ ಸದ್ದು ನಿಂತೋತೇನಪ್ಪ?" ಎಂದಳು ಉಚ್ಚಂಗಮ್ಮ.

"ಎಲ್ಲಿ ನಿಲ್ತೈತಮ್ಮ? ದಿನಾ ಬೆಳಿಗ್ಗೆ ಮುಳುಗ್ತೀನಲ್ಲ, ಕಿವಿ ಒಳಗೆ ಹೋದ ತಕ್ಷಣ ಶುರುವಾಗ್ತೈತೆ. ಇವತ್ತೂ ಕೇಳ್ತು." ಗಿಡ್ಡಪ್ಪ ಕಿವಿಯಿಂದ ನೀರು ಕೊಡವಿದ. "ಓಡ್ತಾನೇ ಅದಾನೆ."

ಬಸ್ಸಿನಲ್ಲಿದ್ದವರೆಲ್ಲ ಬಗ್ಗಿ ಜುಂಜಪ್ಪನ ಕಾಲು ನೋಡಿದರು. ಜುಂಜಪ್ಪ ಕಾಲುಗಳನ್ನು ಸೀಟಿನ ಕೆಳಕ್ಕೆ ಎಳೆದುಕೊಂಡು, ಗಟ್ಟಿಯಾಗಿ ಊರಿ, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡ.